ಮೂರು ಎಡೆಯ ಅಡುಗೆ

ತಿರುವೊಟ್ಟಿಯೂರಿನ ಆ ಬೀದಿಯವರಿಗೆ ನಾನು ಅವತ್ತು ಸರಿಯಾಗಿ ಒಂದು ಒಳ್ಳೆ ಮಾತು ಹೇಳಲಿಲ್ಲ. ಕೈಯಲ್ಲಿ ಸೌಟು, ಮೈಯೆಲ್ಲ ಬೆವರು, ಮಾತಾಡುವ ಹೊತ್ತಲ್ಲ. ಆಮೇಲೆ ಹೇಳೋಣವೆಂದರೆ ನನಗೆ ಬೈಗುಳ ಬಂದಷ್ಟು ಬೇಗ ಹೊಗಳಿಕೆ ಬಾಯಿಗೆ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ತಪ್ಪು ಕಂಡರೆ ತಿದ್ದಿಕೊಂಡು ಓದಿ. ಆ ಬೀದಿಯವರಿಗೆ ಕನ್ನಡ ಓದಲು ಬರುವುದಿಲ್ಲ, ಅದೂ ಗೊತ್ತು. ಬರುವವರು ಓದಲಿ. ಅವರಿಗೂ ಸ್ವಲ್ಪ ತಿಳಿಯಬೇಕಾದ್ದಿದೆ.

ನಾನು ಅಡುಗೆಯವಳು. ಚೆನ್ನೈಯಲ್ಲಿರುವ ನಮ್ಮ ಲಿಂಗಾಯತರ ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ ಹನ್ನೊಂದನೆಯ ದಿನ ಶಿವಗಣಾರಾಧನೆ ಮಾಡುತ್ತಾರೆ. ಅಯ್ನೋರ, ಅಂದರೆ ಜಂಗಮರ, ಪಾದಪೂಜೆ, ಸತ್ತವರ ಹೆಸರಿನಲ್ಲಿ ಎಡೆ, ಆಮೇಲೆ ಬಂದವರಿಗೆಲ್ಲ ಹೋಳಿಗೆ ಊಟ. ಆ ಅಡುಗೆ ನನ್ನದು. ಒಂದು ಬೆಳಗ್ಗೆ ಮೈಲಾಪುರದ ನನ್ನ ಮನೆಗೆ ಒಬ್ಬ ಹುಡುಗಿ ಬಂದು ಬಾಗಿಲಲ್ಲೇ ನಿಂತಳು. ಚಪ್ಪಲಿ ಬಿಡಲಿಲ್ಲ. ಒಳಗೆ ಕರೆಯುತ್ತಾರೋ ಇಲ್ಲವೋ ಎಂದು ಕಾಯುತ್ತಿದ್ದಳು ಎಂದು ಆಮೇಲೆ ತಿಳಿಯಿತು. ಟಿವಿಯಲ್ಲಿ ಅವಳ ಮನೆ ನೋಡಿದ್ದೆ, ಅವಳನ್ನು ನೋಡಿರಲಿಲ್ಲ.

ಅವಳ ಅಪ್ಪ ಮಿಲಿಟರಿಯಿಂದ ರಿಟೈರ್ ಆಗಿ ಬ್ಯಾಂಕಿನ ಹಣ ಸಾಗಿಸುವ ವ್ಯಾನಿನಲ್ಲಿ ಗನ್‌ಮ್ಯಾನ್ ಆಗಿದ್ದ. ಕೋವಿ ಅವನದೇ, ಲೈಸೆನ್ಸಿನದು. ಮನೆಗೆ ಬಂದು ಬೀರುವಿನಲ್ಲಿ ಹೆಂಡತಿಯ ಸೀರೆಗಳ ಪಕ್ಕ ನಿಲ್ಲಿಸುತ್ತಿದ್ದ. ಹೆಂಡತಿ ಇನ್ಶೂರೆನ್ಸ್ ಆಫೀಸಿನಲ್ಲಿ ಕ್ಲರ್ಕ್. ನಿನ್ನ ಜೊತೆ ಇನ್ನು ಇರುವುದಿಲ್ಲ, ಮನೆ ನನ್ನ ಹೆಸರಿನದು, ನೀನು ಹೊರಡು ಎಂದು ಅವನಿಗೆ ಹೇಳಲು ಅವಳು ತೀರ್ಮಾನ ಮಾಡಿದ್ದಳು. ಒಬ್ಬಳೇ ಹೇಳಲು ಹೆದರಿ ಊರಿನಿಂದ ತಾಯಿಯನ್ನೂ ತಮ್ಮನನ್ನೂ ಕರೆಸಿಕೊಂಡಿದ್ದಳು. ಶನಿವಾರ ಬೆಳಗ್ಗೆ, ತಿಂಡಿಯ ಹೊತ್ತಿನಲ್ಲಿ, ಅವನು ಆ ಮೂವರಿಗೂ ಗುಂಡು ಹೊಡೆದು ಕೊನೆಗೆ ತಾನೂ ಹೊಡೆದುಕೊಂಡ. ಮಗಳು ಗಿಂಡಿಯ ಕಡೆ ಆಫೀಸಿಗೆ ಹೋಗಿದ್ದಳು. ಅದಕ್ಕೆ ಉಳಿದಳು.

"ಅಜ್ಜಿ, ಅಮ್ಮಂಗೆ, ಅಮ್ಮಮ್ಮಂಗೆ, ಮಾಮಂಗೆ ಆರಾಧನೆ ಮಾಡಬೇಕು. ಮನೇಲೇ. ನೀವು ಬರ್ತೀರಾ?" ಎಂದಳು.

"ಮೊದ್ಲು ಒಳಗೆ ಬಾ. ಕಾಪಿ ಕುಡಿ."

ಕಾಪಿ ಕುಡಿಯುತ್ತ ಉಳಿದದ್ದು ಹೇಳಿದಳು. ಅಪ್ಪನ ತಮ್ಮ, ಅವಳ ಚಿಕ್ಕಪ್ಪ, ಮನೆಯ ಕೀಲಿ ಇಟ್ಟುಕೊಂಡಿದ್ದಾನೆ. ಮನೆ ಮಾರಿ, ಅವಳನ್ನು ತನ್ನ ಊರಿಗೆ ಕರೆದುಕೊಂಡು ಹೋಗಿ, ಒಂದು ಮದುವೆ ಮಾಡಿ ಕೈ ತೊಳೆದುಕೊಳ್ಳುವುದು ಅವನ ಯೋಚನೆ. ಅವಳು ಒಲ್ಲೆ ಎಂದಿದ್ದಾಳೆ.

"ನಾನು ಎಲ್ಲಿಗೂ ಹೋಗೋದಿಲ್ಲ ಅಂದೆ ಅಜ್ಜಿ. ಅದಕ್ಕೆ ಚಿಕ್ಕಪ್ಪ, ಆ ಮನೇಲಿ ಒಂದು ಲೋಟ ನೀರು ಯಾರು ಕುಡೀತಾರೆ, ಒಂದು ಪಂಕ್ತಿ ಜನ ಬಂದು ಉಂಡು ಹೋಗ್ಲಿ, ಕೀಲಿ ನಿನ್ ಕೈಗೆ ಕೊಟ್ಟು ಹೋಗ್ತೀನಿ ಅಂದ್ರು."

"ಅಷ್ಟೇ ತಾನೆ? ಉಣ್ಣೋರಿಗೇನು ಬರ ಈ ಊರಲ್ಲಿ" ಎಂದೆ. ಅಂದದ್ದು ಸುಲಭವಾಗಿತ್ತು.

ಸಂಜೆಗೆ ನಮ್ಮ ಸಂಘದ ಹಿರಿಯರ ಫೋನು ಬಂತು. ಪಾತ್ರೆ, ಜಮಖಾನ, ಜನ, ಎಲ್ಲ ಸಂಘದಿಂದಲೇ ಬರಬೇಕು.

"ಏನಮ್ಮ, ಒಪ್ಕೊಂಡ್ರಂತೆ? ಮನೆ ಬೇಡ, ಸಂಘದ ಹಾಲಲ್ಲೇ ಮಾಡ್ಲಿ. ನಾಲ್ಕು ಫೋಟೋ ಇಟ್ಟು ಒಟ್ಟಿಗೆ ಮುಗಿಸಿಬಿಡೋಣ."

"ಹುಡುಗಿ ಮೂರು ಅಂತಾಳೆ."

"ಅದು ಮಗು, ಅದಕ್ಕೇನು ಗೊತ್ತಾಗುತ್ತೆ? ಪಾಪ, ಅವನಿಗೇನು ತಲೆ ಕೆಟ್ಟಿತ್ತೋ. ದೇಶಕ್ಕೆ ದುಡಿದವನು. ಎಷ್ಟು ಸಾಧು ಮನುಷ್ಯ, ನಮ್ಮ ಸಭೆಗೆ ಬಂದ್ರೆ ಒಂದು ದಿನ ದನಿ ಎತ್ತಿದವನಲ್ಲ. ಸತ್ತ ಮೇಲೆ ಎಲ್ಲಾ ಶಿವನ ಪಾದವೇ."

"ಮೂವರು ಸತ್ರು ಸ್ವಾಮಿ, ಅವರಲ್ಲಿ ಒಬ್ಬರಿಗೂ ನೀವು ಪಾಪ ಅನ್ನಲಿಲ್ಲ."

"ನಾಲ್ಕು ಎಡೆ ಇಲ್ದಿದ್ರೆ ನಮ್ಮ ಕಡೆಯಿಂದ ಯಾರೂ ಬರೋದಿಲ್ಲ. ಪಾತ್ರೆನೂ ಬರೋದಿಲ್ಲ" ಎಂದು ಫೋನು ಇಟ್ಟರು.

ಆ ದಿನಗಳಲ್ಲಿ ಎಲ್ಲರ ಬಾಯಲ್ಲೂ ಒಂದೊಂದು ಕಾರಣ. ಕುಡಿತ ಅಂದರು ಒಬ್ಬರು, ಅವನು ಕುಡಿಯುತ್ತಿರಲಿಲ್ಲ. ಗ್ರಹಚಾರ ಅಂದರು. ಹೆಂಡತಿ ಫೋನಿನಲ್ಲಿ ಯಾರ ಜೊತೆಯೋ ಮಾತಾಡುತ್ತಿದ್ದಳಂತೆ ಅಂದರು. ತಾಯಿಯ ಜೊತೆ ಮಾತಾಡುತ್ತಿದ್ದಳು. ಹೆಚ್ಚು ಜನ ಹೇಳಿದ್ದು ಸಿಟ್ಟಿನ ಭರ ಎಂದು. ನನಗೆ ಮಿಕ್ಕದ್ದು ತಿಳಿಯದು, ಸಿಟ್ಟು ಗೊತ್ತು. ವ್ಯಾನಿನ ಸೂಪರ್‌ವೈಸರ್ ಅವನನ್ನು ನಾಲ್ಕು ಜನರ ಮುಂದೆ ಬೈಯುತ್ತಿದ್ದನಂತೆ. ಕೋವಿ ಆಗ ಹೆಗಲ ಮೇಲೇ ಇರುತ್ತಿತ್ತು, ಕೆಳಗೆ ಇಳಿಯಲಿಲ್ಲ. ಮನೆಗೆ ಬಂದರೆ ಸಾರಿಗೆ ಉಪ್ಪು ಕಮ್ಮಿಯಾದರೆ ತಟ್ಟೆ ಸರಿಸಿ ಕೂರುತ್ತಿದ್ದ, ಅವನು ಮತ್ತೆ ಕೈ ಹಾಕುವ ತನಕ ಉಳಿದವರೂ ಉಣ್ಣುವ ಹಾಗಿರಲಿಲ್ಲ. ಹುಡುಗಿ ಹೇಳಿದ್ದು. ಅದು ಸಿಟ್ಟಲ್ಲ, ಯಜಮಾನಿಕೆ. ಆ ಕೋವಿಗೆ ಎರಡೇ ನಳಿಗೆ, ಎರಡು ಗುಂಡು ಹಾರಿದರೆ ನಿಂತು ಮತ್ತೆ ತುಂಬಬೇಕು. ಅವನು ನಿಂತು ತುಂಬಿದ್ದಾನೆ. ನನ್ನದು ಅಂದುಕೊಂಡ ವಸ್ತು ಎದ್ದು ಹೊರಟಿತು, ಹೋಗಗೊಡಲಿಲ್ಲ. ಇದಕ್ಕಿಂತ ದೊಡ್ಡ ಕಾರಣ ಹುಡುಕುವವರು ಹುಡುಕಲಿ, ನನಗೆ ಬೇಳೆ ನೆನೆಹಾಕಬೇಕಿತ್ತು.

ಆರಾಧನೆಯ ಹಿಂದಿನ ದಿನ ಮನೆ ನೋಡಲು ಹೋದೆವು. ಮೆಟ್ರೋ ಇಳಿದು ಬೀದಿಯ ಹೆಸರು ಹೇಳಿದರೆ ಆಟೋದವನು, "ಓ, ತುಪ್ಪಾಕ್ಕಿ ವೀಡಾ?" ಎಂದ. ಕೋವಿ ಮನೆ. ಹುಡುಗಿ ತಲೆ ತಗ್ಗಿಸಿದಳು. "ನಿನ್ ಮನೆಗೆ ಏನಂತ ಹೆಸರಿಡ್ಲೋ, ವಾಯ್ ವೀಡಾ?" ಬಾಯಿ ಮನೆಯಾ ಎಂದು ನಾನು ಬೈದ ಮೇಲೆ ಬಾಯಿ ಮುಚ್ಚಿಕೊಂಡು ಓಡಿಸಿದ.

ಕೀಲಿ ಚಿಕ್ಕಪ್ಪ ಎರಡು ದಿನದ ಮಟ್ಟಿಗೆ ಕೊಟ್ಟಿದ್ದ. ಬಾಗಿಲು ತೆರೆದರೆ ಫಿನೈಲಿನ ವಾಸನೆ. ಪೊಲೀಸರು ಹೋದ ಮೇಲೆ ಯಾರೋ ಕೂಲಿಯವರಿಂದ ಹಾಲ್‌ನ ನೆಲ ತೊಳೆಸಿದ್ದರು. ಗೋಡೆಯಲ್ಲಿ ಎರಡು ಕಡೆ ಗಾರೆ ಕಿತ್ತು ಇಟ್ಟಿಗೆ ಕಾಣುತ್ತಿತ್ತು. ಅಡುಗೆಮನೆಗೆ ಯಾರೂ ಕಾಲಿಟ್ಟಿರಲಿಲ್ಲ. ತಿಂಡಿಗೆಂದು ತೆಗೆದಿಟ್ಟ ಇಡ್ಲಿ ಹಿಟ್ಟು ಕಟ್ಟೆಯ ಮೇಲೇ ಹುಳಿತು ಉಕ್ಕಿ, ಡಬ್ಬಿಯ ಮುಚ್ಚಳ ತಳ್ಳಿಕೊಂಡು ಸುರಿದು, ಒಣಗಿ ಕರ್ರಗೆ ಅಂಟಿಕೊಂಡಿತ್ತು. ಇಡ್ಲಿ ತಟ್ಟೆಗೆ ಎಣ್ಣೆ ಸವರಿ ಇಟ್ಟಿತ್ತು. ಹುಡುಗಿ ಅದನ್ನು ನೋಡಿ ಗೋಡೆ ಹಿಡಿದುಕೊಂಡಳು.

"ಅಳೋದಾದ್ರೆ ಅಳು, ಆದ್ರೆ ಬಿಸಿನೀರು ಇಡು. ಇದು ತಣ್ಣೀರಿಗೆ ಬಿಡೋದಿಲ್ಲ" ಎಂದೆ.

ಇಬ್ಬರೂ ಕೂತು ಸೌಟಿನ ಹಿಡಿಯಿಂದ ಕೆರೆದು ತೊಳೆದೆವು. ಅವಳು ಅತ್ತುಕೊಂಡೇ ತಿಕ್ಕಿದಳು.

ನನ್ನ ಸಹಾಯಕ್ಕೆ ಬರುವ ಹೆಂಗಸರು ಇಬ್ಬರು. ಒಬ್ಬಳು ಆ ಮನೆಯಲ್ಲಿ ಆವಿ ಇರುತ್ತದೆ ಎಂದು ಬರಲೇ ಇಲ್ಲ. ಸತ್ತವರ ಆತ್ಮಕ್ಕೆ ಅವರು ಹಾಗೆನ್ನುತ್ತಾರೆ. ಇನ್ನೊಬ್ಬಳು ಬಂದಳು, ಹೊಸಿಲು ದಾಟಲಿಲ್ಲ. ಒಂದು ಕಾಲು ಬೀದಿಯಲ್ಲೇ ಇಟ್ಟು, ಜಗಲಿಯ ಮೇಲೆ ಕೂತು ಕಾಯಿ ತುರಿದಳು. ಮೊಟ್ಟೆ ಮಾಡಿಯಲ್ಲಿ, ಅಂದರೆ ತಾರಸಿಯ ಮೇಲೆ, ಒಲೆ ಹೂಡೋಣ ಎಂದು ಅವಳ ಸಲಹೆ. ಮದುವೆಗೂ ತಿಥಿಗೂ ಈ ಊರಿನಲ್ಲಿ ಎಲ್ಲರೂ ಮಾಡುವುದು ಹಾಗೇ. ನನಗೂ ಅದೇ ಅನುಕೂಲ, ಗಾಳಿ ಇರುತ್ತದೆ. ಆದರೆ ಹುಡುಗಿ ಮರುದಿನದಿಂದ ಆ ಮನೆಯಲ್ಲಿ ಕಾಪಿ ಕಾಯಿಸಿಕೊಳ್ಳಬೇಕು. ಅವಳು ಒಬ್ಬಳೇ ಇರುವಾಗ ಆ ಒಲೆ ಮೊದಲ ಸಲ ಹತ್ತುವುದು ಬೇಡ ಎನ್ನಿಸಿತು. ಒಳಗೇ ಮಾಡುತ್ತೇನೆ ಎಂದೆ.

ಅಳತೆಯಲ್ಲಿ ಮಾತ್ರ ನನ್ನ ಕೈ ಹಿಡಿತವಾಯಿತು. ಸಂಘದವರು ಬರುವುದಿಲ್ಲ. ಅಯ್ನೋರು ಬರುತ್ತೇನೆಂದಿದ್ದರು, ಅವಳ ಅಮ್ಮನ ಆಫೀಸಿನ ನಾಲ್ಕೈದು ಜನ ಬರಬಹುದು. ಚಿಕ್ಕಪ್ಪ ಹೇಳಿದ ಒಂದು ಪಂಕ್ತಿಗೂ ಅದು ಸಾಲದು. ಅನ್ನ ಮಿಕ್ಕಿ ಚೆಲ್ಲುವುದನ್ನು ಅವಳು ನೋಡಬಾರದೆಂದು ಅಕ್ಕಿ ಕಮ್ಮಿ ತೊಳೆದೆ. ಬೇಳೆಯನ್ನು ಮಾತ್ರ ಕಮ್ಮಿ ಮಾಡಲಿಲ್ಲ. ಸ್ವಲ್ಪ ಬೇಳೆಗೆ ಹೂರಣ ಹದ ಬರುವುದಿಲ್ಲ, ಉಳಿದರೆ ಹೋಳಿಗೆ ನಾಲ್ಕು ದಿನ ಇರುತ್ತದೆ.

ಹನ್ನೊಂದನೆಯ ದಿನ ಬೆಳಗ್ಗೆ ಒಲೆ ಹಚ್ಚಿದೆ. ಕಡಲೆಬೇಳೆ ಎರಡು ಕುದಿ ಬಂತು, ಬೆರಳಿಗೆ ಸಿಕ್ಕರೆ ಇನ್ನೂ ಗಟ್ಟಿ, ಆಗ ಉರಿ ನೀಲಿಯಿಂದ ಹಳದಿಗೆ ತಿರುಗಿ ಆರಿಹೋಯಿತು. ಸಿಲಿಂಡರ್ ಖಾಲಿ. ಇನ್ನೊಂದೂ ಖಾಲಿ. ಅರ್ಧ ಬೆಂದ ಬೇಳೆ ನೀರಿನಲ್ಲಿ ಕೂತರೆ ಕಟ್ಟು ಲೋಳೆಯಾಗುತ್ತದೆ, ಹೂರಣ ನೀರು ಬಿಡುತ್ತದೆ. ಚೆನ್ನೈಯ ಸೆಕೆಗೆ ಬೇಗ ಹಳಸುತ್ತದೆ ಬೇರೆ. ನಾನು ಸೆರಗು ಸಿಕ್ಕಿಸಿಕೊಂಡು ಬೀದಿಗಿಳಿದೆ. ಎಲ್ಲ ಬಾಗಿಲೂ ಮುಚ್ಚಿದ್ದವು, ಕಿಟಕಿಗಳಲ್ಲಿ ಕಣ್ಣುಗಳಿದ್ದವು.

ಎದುರು ಮನೆಯ ಬಾಗಿಲು ಬಡಿದೆ. ಮೀನು ಮಾರುವ ಹೆಂಗಸು, ಗಂಟಲು ದೊಡ್ಡದು, ಮೈಯೂ ದೊಡ್ಡದು. ನಾವು ಆಡಿದ್ದು ತಮಿಳು. ನನಗೆ ಬರೆಯಲು ಬರುವುದು ಕನ್ನಡ, ಅದರಲ್ಲೇ ಬರೆಯುತ್ತೇನೆ. ಅವರ ಪಾಟಿ ಅಂದರೆ ನಮ್ಮ ಅಜ್ಜಿ.

"ಗ್ಯಾಸ್ ಮುಗೀತು. ಸಿಲಿಂಡರ್ ಇದ್ರೆ ಕೊಡಮ್ಮ, ನಾಳೆ ತುಂಬಿಸಿ ಕೊಡ್ತೀನಿ."

"ಆ ಮನೇಲಿ ಒಲೆ ಹಚ್ಚಿದೀರಾ ಪಾಟಿ?"

"ಹಚ್ಚಿದ್ದೆ. ಈಗ ಆರಿದೆ. ನೀನು ಹೀಗೆ ನಿಂತ್ಕೊಂಡ್ರೆ ಬೇಳೆನೂ ಕೆಡುತ್ತೆ."

ಅವಳು ಒಳಗೆ ಹೋಗಿ ತುಂಬಿದ ಸಿಲಿಂಡರನ್ನು ಮೀನಿನ ಬುಟ್ಟಿಯ ಹಾಗೆ ಸೊಂಟಕ್ಕೆ ಏರಿಸಿಕೊಂಡು ಬಂದಳು. ಬೀದಿ ದಾಟಿ, ನಮ್ಮ ಹೊಸಿಲಿನ ಮುಂದೆ ನಿಂತುಬಿಟ್ಟಳು.

"ನಾನು ಒಳಗೆ ಬರಬಹುದಾ?"

"ಯಾಕೆ, ನಿಂಗೂ ಆವಿ ಭಯಾನಾ?"

"ಆವಿಗೆ ನನ್ನ ಕಂಡ್ರೆ ಭಯ ಪಾಟಿ. ಅದಲ್ಲ. ನಿಮ್ಮದು ಮೀನು ಮಾಂಸ ಇಲ್ಲದ ಸೈವ ಮನೆ, ನಿಮ್ಮ ಜನದ ಕಾರ್ಯ. ನಾವು ಮೀನು ಮುಟ್ಟೋರು."

"ಸಿಲಿಂಡರಿಗೆ ಜಾತಿ ಇಲ್ಲ, ಬಾ."

ಬಂದಳು. ಮೂರು ಫೋಟೋಗಳ ಮುಂದೆ ಸಿಲಿಂಡರ್ ಇಳಿಸಿ ನಿಂತಳು. "ಈ ಅಕ್ಕ ನನ್ನ ಮಗಳಿಗೆ ಪರೀಕ್ಷೆ ಹೊತ್ತಲ್ಲಿ ಲೆಕ್ಕ ಹೇಳಿಕೊಟ್ಟೋರು" ಎಂದು ಮೂಗು ಒರೆಸಿಕೊಂಡಳು.

ನನಗೆ ಸಿಟ್ಟು ಬಂತು. "ಹಾಗಿದ್ರೆ ಇಷ್ಟು ದಿನ ಬಾಗಿಲು ಹಾಕ್ಕೊಂಡು ಕೂತಿದ್ದೀರಲ್ಲ, ಒಬ್ಬರಾದ್ರೂ ಈ ಹುಡುಗಿಗೆ ಏನಮ್ಮ ಅಂದ್ರಾ?"

"ಸಾವಿಗೆ ಕರೀದೇ ಹೋಗ್ತೀವಿ ಪಾಟಿ. ಆದ್ರೆ ಹೆಣ ಬೀದಿಗೇ ಬರಲಿಲ್ಲ, ಆಸ್ಪತ್ರೆಯಿಂದ ಹಾಗೇ ತಗೊಂಡು ಹೋದ್ರು. ನಮಗೆ ಎಲ್ಲಿ ನಿಂತು ಅಳೋದು ಗೊತ್ತಾಗಲಿಲ್ಲ. ಇವತ್ತಿಂದು ಊಟ. ಊಟಕ್ಕೆ ಕರೀದೆ ಹೇಗೆ ಬರೋದು?"

ನಾನು ರೆಗ್ಯುಲೇಟರ್ ಸಿಕ್ಕಿಸುತ್ತಿದ್ದೆ. ಕೈ ಅಲ್ಲೇ ನಿಂತಿತು. ಹುಡುಗಿ ಇವರು ಮುಖ ತಿರುಗಿಸುತ್ತಾರೆ ಎಂದುಕೊಂಡು ಒಳಗೆ ಕೂತಿದ್ದಾಳೆ. ಇವರು ಕರೆ ಬರಲಿಲ್ಲ ಎಂದು ಕಿಟಕಿಯಲ್ಲಿ ಕೂತಿದ್ದಾರೆ. ನಮ್ಮ ಕಡೆ ಆರಾಧನೆಗೆ ನಮ್ಮವರನ್ನೇ ಕರೆಯುವುದು ರೂಢಿ, ಬೀದಿಯವರನ್ನು ಕರೆಯುವುದು ಯಾರ ತಲೆಗೂ ಹೊಳೆಯುವುದಿಲ್ಲ. ನನ್ನ ತಲೆಗೂ ಹೊಳೆದಿರಲಿಲ್ಲ.

ಒಲೆ ಹಚ್ಚಿ, ಬೇಳೆ ಏರಿಸಿ, ಹುಡುಗಿಯನ್ನು ಕರೆದೆ. "ಹೋಗು. ಒಂದೊಂದು ಬಾಗಿಲೂ ತಟ್ಟು. ವಿಭೂತಿ ತಟ್ಟೆ ತಗೊಂಡು ಹೋಗು, ಊಟಕ್ಕೆ ಬನ್ನಿ ಅನ್ನು."

"ನೀವೇ ಹೋಗಿ ಅಜ್ಜಿ. ಅವರು ನನ್ನ ನೋಡಿದ್ರೆ..."

"ಅಡುಗೆಯವಳು ಕರೆದ್ರೆ ಅದು ಕರೆಯಾ? ಮನೆಯವಳು ನೀನು. ಅವರಿಗೆ ನಿನ್ನ ಹತ್ರ ಏನು ಮಾತಾಡ್ಬೇಕೋ ತಿಳೀದು. ನಿಂಗೆ ತಿಳಿದಿದೆಯಲ್ಲ. ಊಟಕ್ಕೆ ಬನ್ನಿ. ಅಷ್ಟೇ ಮಾತು."

ಮೀನಿನವಳು ಅವಳ ಜೊತೆ ನಡೆದಳು. ನಾನು ಬೇಳೆ ಬಸಿದು, ಬೆಲ್ಲ ಹಾಕಿ, ಹೂರಣವನ್ನು ಉರಿಯ ಮೇಲೆ ಕೈ ಬಿಡದೆ ತಿರುವಿದೆ. ನಡುವೆ ಆರಿದ ಬೇಳೆ, ನಂಬುವಂತಿರಲಿಲ್ಲ. ಸೌಟು ನೆಟ್ಟಗೆ ನಿಲ್ಲುವ ತನಕ ತಿರುವಿದ ಮೇಲೆ ಜೀವ ಬಂತು. ಕಟ್ಟಿನ ಸಾರಿಗೆ ಒಗ್ಗರಣೆ ಕೊಟ್ಟಾಗ ವಾಸನೆ ಬೀದಿಗೆ ಹೋಯಿತು. ಜಗಲಿಯ ಮೇಲಿದ್ದ ನನ್ನ ಹೆಂಗಸು ಯಾವಾಗಲೋ ಒಳಗೆ ಬಂದು ಹೋಳಿಗೆ ತಟ್ಟುತ್ತಿದ್ದಳು. ಹೂರಣದ ಪಾತ್ರೆಯನ್ನು ಅವಳ ಕಡೆ ಸರಿಸಿದೆ. ಏನಾದರೂ ಅಂದಿದ್ದರೆ ಎದ್ದು ಹೋಗುತ್ತಿದ್ದಳು.

ಅಯ್ನೋರು ಬಂದರು. ರೈಲ್ವೆಯಲ್ಲಿದ್ದು ರಿಟೈರಾದ ಮುದುಕರು, ನಮ್ಮ ಕಡೆಯವರು. ಪಾದಪೂಜೆ ಆಯಿತು. ಮೂರು ಎಲೆ ಹಾಕಿ ಎಡೆ ಬಡಿಸಿದೆ. ಅವರು ನೋಡಿ, "ಇನ್ನೊಂದು?" ಎಂದರು.

"ಬೇಡ" ಎಂದಳು ಹುಡುಗಿ.

"ಬ್ಯಾಡಂದ್ರೆ ಬ್ಯಾಡ" ಎಂದು ಅಯ್ನೋರು ಮಂಗಳಾರತಿ ಎತ್ತಿದರು. ಅಷ್ಟರಲ್ಲೇ ಮುಗಿಯಿತು, ಸಂಘದವರು ವಾರವೆಲ್ಲ ಎಳೆದಾಡಿದ ಮಾತು.

ತಲೆ ಎತ್ತಿ ನೋಡಿದರೆ ಹಾಲಿನಲ್ಲಿ ಜಾಗವಿಲ್ಲ. ಇಸ್ತ್ರಿ ಗಾಡಿಯವನು, ಅವನ ಹೆಂಡತಿ, ಫ್ಯಾಕ್ಟರಿಯ ನೈಟ್ ಶಿಫ್ಟ್ ಮುಗಿಸಿ ಮಲಗಿದ್ದವರು ಕಣ್ಣುಜ್ಜಿಕೊಂಡು, ಹೂವಿನವಳು, ಆ ಶನಿವಾರ ಹುಡುಗಿಯ ತಾಯಿಯನ್ನು ಆಸ್ಪತ್ರೆಗೆ ಹಾಕಿಕೊಂಡು ಹೋಗಿದ್ದ ಆಟೋದವನು. ಸತ್ತವಳ ಆಫೀಸಿನವರು ಮೂಲೆಯಲ್ಲಿ. ಎಲ್ಲರೂ ಕಿತ್ತ ಗೋಡೆಯ ಕಡೆ ಬೆನ್ನು ಮಾಡಿ ಕೂತರು. ಒಬ್ಬರಿಗೊಬ್ಬರು ಹೇಳಿಕೊಂಡದ್ದಲ್ಲ, ತಾವಾಗೇ.

ಅನ್ನ ಎಲ್ಲಿದೆ? ಹಿಡಿದು ಬಡಿಸಿದರೂ ಅರ್ಧ ಜನಕ್ಕೆ. ಮೀನಿನವಳ ಕಿವಿಯಲ್ಲಿ ಹೇಳಿದೆ. ಅವಳಿಗೆ ಕಿವಿಯಲ್ಲಿ ಹೇಳಿ ಪ್ರಯೋಜನವಿಲ್ಲ. ಬಾಗಿಲಲ್ಲಿ ನಿಂತು ಕೂಗಿದಳು. "ಏ, ಪಾಟಿ ಅಕ್ಕಿ ಕಮ್ಮಿ ಹಾಕಿಬಿಟ್ಟಿದಾರೆ! ಎಲ್ಲರೂ ಕುಕ್ಕರ್ ಇಡಿ!"

ಆಮೇಲೆ ಬೀದಿಯಲ್ಲೆಲ್ಲ ಸೀಟಿ. ಆ ಮನೆಯಿಂದ ಒಂದು, ಈ ಮನೆಯಿಂದ ಎರಡು. ಹೆಂಗಸರು ಬಿಸಿ ಕುಕ್ಕರುಗಳನ್ನು ಬಟ್ಟೆಯಲ್ಲಿ ಹಿಡಿದು ಓಡಿ ಬಂದರು.

ಅಡುಗೆಮನೆಯ ಬಾಗಿಲಲ್ಲಿ ನಾನು ಅಡ್ಡ ನಿಂತೆ. ನಾನೇನು ದೊಡ್ಡ ಮನಸ್ಸಿನವಳಲ್ಲ. ನಮ್ಮ ಆರಾಧನೆಯ ಅನ್ನಕ್ಕೆ ಬೇರೆ ಮನೆಯ ಅನ್ನ ಬೆರೆಸಿದ್ದು ನಾನು ಕಂಡಿಲ್ಲ. "ಈ ಕುಕ್ಕರಲ್ಲಿ ಮೀನು ಬೇಯಿಸ್ತೀಯಾ?" ಎಂದು ಮೀನಿನವಳನ್ನು ಕೇಳಿಯೇಬಿಟ್ಟೆ.

"ಮೀನನ್ನ ಕುಕ್ಕರಲ್ಲಿ ಬೇಯಿಸೋಕೆ ನಾನೇನು ಹುಚ್ಚಿಯಾ ಪಾಟಿ? ಕರಗಿ ಹೋಗುತ್ತೆ. ಅದಕ್ಕೆ ಮಣ್ಣಿನ ಚಟ್ಟಿ ಬೇರೆ ಇದೆ."

ಹತ್ತಿರದಲ್ಲೇ ಎಲೆಯ ಮುಂದೆ ಕೂತಿದ್ದ ಅಯ್ನೋರು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಅವರು ಬೇಡ ಎಂದಿದ್ದರೆ ನಾನು ಆ ಅನ್ನ ಬಡಿಸುತ್ತಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಅವರು ಎಲೆಯ ಮೇಲೆ ನೀರು ಚಿಮುಕಿಸಿ, ಕುಕ್ಕರಿನ ಕಡೆ ಗದ್ದ ತೋರಿಸಿದರು.

"ನಂಗೂ ಅದ್ರಾಗೇ ಒಂದು ಸೌಟು ಹಾಕವ್ವ. ಹೊಟ್ಟೆ ಹಸಿದೈತೆ."

ಹಾಕಿದೆ. ಅವರು ಮೊದಲ ತುತ್ತು ಎತ್ತಿದರು. ಹಾಲಿನಲ್ಲಿ ಎಲ್ಲರ ಕೈ ಎಲೆಗೆ ಹೋಯಿತು. ನಮ್ಮಲ್ಲಿ ಸಾವಿನ ಸೂತಕ ಇಲ್ಲ ಎಂದು ಸಭೆಯಲ್ಲಿ ಭಾಷಣ ಮಾಡುವವರು ಯಾರೂ ಅಲ್ಲಿರಲಿಲ್ಲ. ಸೂತಕ ಪಾಲಿಸುವ ಜನ ಕೂತು ಉಂಡರು.

ಎರಡನೆಯ ಪಂಕ್ತಿ ಏಳುವ ಹೊತ್ತಿಗೆ ಚಿಕ್ಕಪ್ಪ ಬಂದ. ಗೇಟಿನ ಹತ್ತಿರ ಬಿದ್ದ ಚಪ್ಪಲಿಗಳನ್ನು ನೋಡುತ್ತ ನಿಂತಿದ್ದ. ಅಣ್ಣನ ಫೋಟೋ ಇಲ್ಲದ್ದನ್ನು ನೋಡಿದ. ಅವನದೂ ಒಂದು ಸಾವೇ. ಅಣ್ಣನೊಬ್ಬ ಹೀಗೆ ಹೋದರೆ ಬಾಯಿ ಬಿಟ್ಟು ಅಳಲೂ ಆಗದು, ಬಿಡಲೂ ಆಗದು. ಅವನ ಊರಿನಲ್ಲಿ ಅವನು ಬೇಕಾದ್ದು ಮಾಡಿಕೊಳ್ಳಲಿ. ಇಲ್ಲಿ ಹುಡುಗಿಯ ಮಾತು.

"ಕೂತ್ಕೊಳ್ಳಪ್ಪ, ಎಲೆ ಹಾಕಿದೆ" ಎಂದೆ.

"ಇವರೆಲ್ಲ ಯಾರು?"

"ಪಂಕ್ತಿ ಕೇಳಿದ್ದೆಯಲ್ಲ. ಇದು ಮೂರನೇದು."

ಬಡಿಸಲು ಎದ್ದಿದ್ದು ಈಗ ಉಣ್ಣಲು ಕೂತ ಇಸ್ತ್ರಿಯವನ ಮತ್ತು ಮೀನಿನವಳ ನಡುವೆ ಎಲೆ ಇತ್ತು. ಚಿಕ್ಕಪ್ಪ ನಿಂತೇ ಇದ್ದ. ಹುಡುಗಿ ಹೋಳಿಗೆ ಬುಟ್ಟಿ ಹಿಡಿದು ಬಂದು, "ಕೂತ್ಕೊಳ್ಳಿ ಚಿಕ್ಕಪ್ಪ, ಆರ್ತದೆ" ಎಂದಳು. ಕೂತ. ಉಂಡ. ತುಪ್ಪ ಬಡಿಸುವಾಗ ಅವನ ಕಣ್ಣಿನಿಂದ ನೀರು ಎಲೆಗೇ ಬಿತ್ತು. ನಾನು ನೋಡದವಳ ಹಾಗೆ ಮುಂದಿನ ಎಲೆಗೆ ಹೋದೆ. ಕೈ ತೊಳೆದು ಬಂದವನು ತನ್ನ ಹತ್ತಿರ ಇಟ್ಟುಕೊಂಡಿದ್ದ ಇನ್ನೊಂದು ಕೀಲಿಯನ್ನು ಅಡುಗೆಮನೆಯ ಕಟ್ಟೆಯ ಮೇಲೆ, ಉಪ್ಪಿನ ಡಬ್ಬಿಯ ಪಕ್ಕ ಇಟ್ಟು ಹೋದ.

ಸಂಜೆಗೆ ಕುಕ್ಕರುಗಳನ್ನು ತೊಳೆದು ಕವುಚಿದೆವು. ಯಾರ ಪಾತ್ರೆಯನ್ನೂ ಬರಿದಾಗಿ ಹಿಂದಿರುಗಿಸಬಾರದು. ಒಂದೊಂದರಲ್ಲೂ ಹೋಳಿಗೆ ಇಟ್ಟು ಹುಡುಗಿಯ ಕೈಗೆ ಕೊಟ್ಟೆ. ಅವಳು ಮತ್ತೆ ಮನೆ ಮನೆಗೆ ಹೋದಳು. ಈ ಸಲ ನಾನು ಹೇಳಿಕೊಡಬೇಕಾಗಲಿಲ್ಲ. ಒಂದೊಂದು ಬಾಗಿಲಲ್ಲೂ ಹೊತ್ತು ಹಿಡಿಯಿತು. ಬಂದು ಅಡುಗೆಮನೆಯಲ್ಲೇ ಕೂತು, ಉಳಿದ ಅನ್ನಕ್ಕೆ ಕಟ್ಟಿನ ಸಾರು ಕಲೆಸಿ ಉಂಡಳು. ಒಂದು ತುತ್ತು ಉಂಡು, "ಅಜ್ಜಿ, ಉಪ್ಪು ಕಮ್ಮಿ" ಎಂದಳು. ಹೇಳಿದವಳು ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ಡಬ್ಬಿ ತಳ್ಳಿದೆ. "ಹಾಕ್ಕೊಂಡು ಉಣ್ಣು." ಹಾಕಿಕೊಂಡು ಉಂಡಳು.

ಈಗ ಹುಡುಗಿ ಅಲ್ಲೇ ಇದ್ದಾಳೆ. ಗೋಡೆಗೆ ಮೇಸ್ತ್ರಿ ಗಾರೆ ಮೆತ್ತಿದ್ದಾನೆ, ಬಣ್ಣ ಹೊಂದಿಲ್ಲ. ಆಟೋದವರು ಇನ್ನೂ ತುಪ್ಪಾಕ್ಕಿ ವೀಡು ಎಂದೇ ಅನ್ನುತ್ತಾರೆ, ಅನ್ನಲಿ. ಸಂಘದವರು ನನ್ನನ್ನು ಸ್ವಲ್ಪ ಕಾಲ ಕರೆಯಲಿಲ್ಲ, ಆಮೇಲೆ ಹೋಳಿಗೆ ಬೇಕಾದಾಗ ಕರೆದರು.

ಆರಾಧನೆಯ ಮರುದಿನ ನನ್ನ ಪಾತ್ರೆ ತರಲು ಹೋದಾಗ ಕಟ್ಟೆಯ ಮೇಲೆ ಒಂದು ಕುಕ್ಕರಿನ ಸೀಟಿ ಕಂಡಿತು. ಮೀನಿನವಳದು. ಅದಿಲ್ಲದೆ ಅವಳ ಮನೆಯಲ್ಲಿ ಅನ್ನವಾಗುವುದಿಲ್ಲ, ಕೊಟ್ಟು ಬಾ ಎಂದು ನಾನು ಹುಡುಗಿಗೆ ಹೇಳುವಷ್ಟರಲ್ಲಿ ಮೀನಿನವಳೇ ಬಾಗಿಲಲ್ಲಿದ್ದಳು. ಈ ಸಲ ಒಳಗೆ ಬರಬಹುದಾ ಎಂದು ಕೇಳಲಿಲ್ಲ. ನೇರ ಅಡುಗೆಮನೆಗೆ ಬಂದು, ಸೀಟಿಯನ್ನು ಸೆರಗಿಗೆ ಕಟ್ಟಿಕೊಂಡು, "ಕಾಪಿ ಇಟ್ಟಿದೀಯಾ ಪಾಪಾ?" ಎಂದಳು. ಹುಡುಗಿ ಒಲೆ ಹಚ್ಚಿದಳು. ಆಮೇಲೂ ಆ ಸೀಟಿ ಎಷ್ಟೋ ಸಲ ಆ ಕಟ್ಟೆಯ ಮೇಲೆ ಕಂಡಿದೆ. ಮರೆಯುತ್ತಾಳೋ ಬಿಟ್ಟು ಹೋಗುತ್ತಾಳೋ, ನಾನು ಕೇಳಲು ಹೋಗಿಲ್ಲ.